ಮಾರಿದ ಕಾರು, ಮರಳಿ ಬಂದ ದೂರು

ಕಾಲೇಜು ಶುಲ್ಕ ಕಟ್ಟುವ ದಿನಗಳು ಬಂತೆಂದರೆ ಮನೆಯ ಹಳೆಯ ಕಾರಿನ ಮೇಲೆ ಕಣ್ಣು ಬೀಳುವುದು ಸಹಜ. ಹೇಗೋ ಗಿರಾಕಿ ಸಿಕ್ಕಿ, ಹಣ ಕೈಸೇರಿ, ಕಾಲೇಜಿನ ಕೌಂಟರಿಗೂ ಹೋಗಿ ಮುಟ್ಟುತ್ತದೆ. ಹತ್ತನೆಯ ದಿನ ಫೋನು. "ಸಾರ್, ಗೇರ್ ಬಾಕ್ಸ್ ಹೋಗಿದೆಯಂತೆ. ಕಾರು ವಾಪಸ್ ತಗೊಳ್ಳಿ, ದುಡ್ಡು ಕೊಡಿ." ಕೊಡಲು ದುಡ್ಡೆಲ್ಲಿದೆ? ಕೆಲವರು "ಮಾರಿದ ಮೇಲೆ ಮುಗೀತು" ಎಂದು ಫೋನಿಡುತ್ತಾರೆ. ಕೆಲವರು ಹೆದರಿ ಅರ್ಧ ಖರ್ಚು ಕೊಡುತ್ತೇನೆಂದು ಒಪ್ಪಿಬಿಡುತ್ತಾರೆ. ಎರಡೂ ಅವಸರದ ಮಾತೇ.

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಮಾರಿದವರ ಪರವಾಗಿಯೇ ಇದೆ. ವ್ಯಾಪಾರಿಯಲ್ಲದವನು ತನ್ನ ಸ್ವಂತ ವಸ್ತುವನ್ನು ಮಾರಿದರೆ ಅದರ ಗುಣಮಟ್ಟಕ್ಕೆ ಯಾವ ಭರವಸೆಯೂ ತಾನಾಗಿ ಅಂಟಿಕೊಳ್ಳದು. ನೋಡಿ ಕೊಳ್ಳುವ ಹೊಣೆ ಕೊಳ್ಳುವವನದು. "ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ" ಎಂಬ ಬೆದರಿಕೆಗೂ ಸಾಮಾನ್ಯವಾಗಿ ಅಂಜಬೇಕಿಲ್ಲ. ಮನೆಯ ಒಂದು ಕಾರು ಮಾರಿದ ಮಾತ್ರಕ್ಕೆ ಯಾರೂ ವ್ಯಾಪಾರಿಯಾಗುವುದಿಲ್ಲ. ವ್ಯಾಜ್ಯವಾದರೆ ಅದು ಸಿವಿಲ್ ನ್ಯಾಯಾಲಯಕ್ಕೆ ಸೇರಿದ್ದು.

ಹಾಗಾದರೆ ಮಾರಿದವರು ನಿಶ್ಚಿಂತರೇ? ಅಲ್ಲ. ಮಾರುವಾಗ ಆಡಿದ ಮಾತಿಗೆ ಬೆಲೆಯಿದೆ.

1872ರ ಕರಾರು ಕಾಯ್ದೆ ಹುಟ್ಟಿದಾಗ ನಮ್ಮಲ್ಲಿ ಕಾರುಗಳಿರಲಿಲ್ಲ, ಕುದುರೆಗಳಿದ್ದವು. ವಂಚನೆ ಎಂದರೇನು ಎಂದು ಹೇಳುವ ಅದರ 17ನೇ ಕಲಮಿನಲ್ಲಿ ಕುದುರೆ ಮಾರಾಟದ ಉದಾಹರಣೆಗಳಿವೆ. ಕುದುರೆಗೆ ಖಾಯಿಲೆಯಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಬಾಯಿ ಮುಚ್ಚಿಕೊಂಡು ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು "ನೀವು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ" ಎಂದಾಗ ಸುಮ್ಮನಿದ್ದರೆ, ಆ ಮೌನವೇ ಮಾತು. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳಾದರೆ, ದೋಷವನ್ನು ಹೇಳಲೇಬೇಕು. ನಂಬಿದವರಿಗೆ ಮಾರುವಾಗ ಮಾತು ಹೆಚ್ಚಿರಬೇಕೆಂದು ಆ ಕಾಲದಲ್ಲೇ ಯೋಚಿಸಿದ್ದರು! ವಿದ್ಯಾರ್ಥಿಗಳು ಈ ಕಲಮನ್ನು ಒಮ್ಮೆ ಮೂಲದಲ್ಲೇ ಓದಬೇಕು. ಒಂದು ಪುಟವೂ ಇಲ್ಲ.

ಮನೆಗಳಲ್ಲಿ ಆಗುವುದು ಹೀಗೆ. ಕಾರು ಓಡಿಸುವವನು ಮಗ. ಘಾಟಿ ಹತ್ತುವಾಗ ಎಂಜಿನ್ ಕಾಯುತ್ತದೆಂದು ಅವನಿಗೆ ಗೊತ್ತು, ಬೈಸಿಕೊಳ್ಳುವ ಭಯಕ್ಕೆ ಹೇಳಿಲ್ಲ. ಅಪ್ಪ ಗಿರಾಕಿಗೆ "ಏನೂ ತೊಂದರೆಯಿಲ್ಲ, ಧೈರ್ಯವಾಗಿ ತಗೊಳ್ಳಿ" ಎಂದಿರುತ್ತಾರೆ. ಅಪ್ಪನದು ಸುಳ್ಳಲ್ಲ, ಆದರೂ ತಪ್ಪು ಹೇಳಿಕೆ. ಅದನ್ನು ನಂಬಿ ಕೊಂಡವನು 19ನೇ ಕಲಮಿನಂತೆ ಕರಾರನ್ನೇ ರದ್ದು ಮಾಡಬೇಕೆಂದು ಕೇಳಬಹುದು. ಸಾಮಾನ್ಯ ಎಚ್ಚರ ವಹಿಸಿದ್ದರೆ ಅವನಿಗೇ ದೋಷ ತಿಳಿಯುವಂತಿತ್ತು ಎಂದಾದರೆ ಮಾತ್ರ ಅಪ್ಪ ಪಾರು. ಕಾರು ಓಡಿಸಿ ನೋಡಿ, ನಿಮ್ಮ ಮೆಕ್ಯಾನಿಕ್‌ಗೂ ತೋರಿಸಿ ಎಂದು ಗಿರಾಕಿಯನ್ನು ಒತ್ತಾಯಿಸುವುದು ಇದಕ್ಕೇ. ಮೀಟರ್ ತಿರುಗಿಸಿ, ಅಪಘಾತವೇ ಆಗಿಲ್ಲವೆಂದು ಬೇಕೆಂದೇ ಸುಳ್ಳು ಹೇಳಿದವನಿಗೆ ಈ ವಿನಾಯಿತಿ ಇಲ್ಲ. ಅವನ ಮೇಲೆ ವಂಚನೆಯ ಕ್ರಿಮಿನಲ್ ಮೊಕದ್ದಮೆಯೂ ಬರಬಹುದು.

ಆದ್ದರಿಂದ ದೂರು ಬಂದ ದಿನ ಮೊದಲು ಮನೆಯವರೆಲ್ಲ ಕುಳಿತು, ಯಾರಿಗೆ ಏನು ಗೊತ್ತಿತ್ತು, ಗಿರಾಕಿಗೆ ಯಾರು ಏನು ಹೇಳಿದರು ಎಂದು ನೆನಪಿಸಿಕೊಳ್ಳಿ. ಮಗನನ್ನು ಗದರಿಸುವ ಕೆಲಸ ಆಮೇಲೆ ಇಟ್ಟುಕೊಳ್ಳಬಹುದು. ಕೊಂಡವರಿಗೆ ಸಮಾಧಾನದಿಂದಲೇ "ಏನಾಗಿದೆ ಎಂದು ಬರೆದು ಕಳಿಸಿ, ಮೆಕ್ಯಾನಿಕ್‌ನ ಅಂದಾಜು ಪಟ್ಟಿಯೂ ಇರಲಿ" ಎನ್ನಿ. ಬ್ಯಾಟರಿ, ಟೈರು, ಕ್ಲಚ್ ಪ್ಲೇಟ್ ಸವೆದಿದ್ದರೆ ಅದು ಹಳೆಯ ಕಾರಿನ ಧರ್ಮ, ವಿನಯದಿಂದ ಇಲ್ಲವೆನ್ನಿ. ನೀವು ಹೇಳಿದ್ದೇ ತಪ್ಪಾಗಿದ್ದರೆ ದುರಸ್ತಿಯಲ್ಲಿ ಪಾಲು ಕೊಟ್ಟು ಮುಗಿಸುವುದು ನ್ಯಾಯವೂ ಹೌದು, ಕೋರ್ಟಿಗಿಂತ ಅಗ್ಗವೂ ಹೌದು. ಕೊಟ್ಟಾಗ, ಇನ್ನು ಯಾವ ಬಾಕಿಯೂ ಇಲ್ಲವೆಂದು ಬರೆಸಿ ಸಹಿ ಪಡೆಯಿರಿ. ಕಾರಿನ ಮೇಲೆ ಹೇಳದ ಸಾಲವಿದ್ದರೆ ಮಾತ್ರ ವಾದಕ್ಕಿಳಿಯಬೇಡಿ. ಅದೇ ಸರಕು ಮಾರಾಟ ಕಾಯ್ದೆಯ 14ನೇ ಕಲಮಿನಂತೆ ಅದು ನಿಮ್ಮ ಹೊಣೆ.

ಈ ಜಗಳದಲ್ಲಿ ಮರೆತುಹೋಗುವ, ಗೇರ್ ಬಾಕ್ಸಿಗಿಂತ ಎಷ್ಟೋ ದೊಡ್ಡ ಅಪಾಯ ಇನ್ನೊಂದಿದೆ. "ರಿಪೇರಿ ಮಾಡಿಸಿಕೊಡಿ, ಆಮೇಲೆ ಆರ್‌ಸಿ ನನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ" ಎಂದರೆ ಒಪ್ಪಲೇಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ಆ ಪ್ರಕರಣದ ಕಾರು ಮೊದಲು ಮಾರಾಟವಾದದ್ದು 2007ರಲ್ಲಿ, ಅಪಘಾತ ನಡೆದದ್ದು 2009ರಲ್ಲಿ. ನಡುವೆ ಹಲವು ಕೈ ಬದಲಾಗಿದ್ದರೂ ದಾಖಲೆಯಲ್ಲಿದ್ದ ಮೊದಲ ಮಾಲೀಕನೇ ಹೊಣೆಯಾದ.

ಒಂದೇ ರಾಜ್ಯದೊಳಗಿನ ಮಾರಾಟವಾದರೆ, 14 ದಿನಗಳೊಳಗೆ ನಮೂನೆ 29ರಲ್ಲಿ ಆರ್‌ಟಿಓಗೆ ತಿಳಿಸುವುದು ಮಾರಿದವರ ಕರ್ತವ್ಯ. ನಮೂನೆ 30 ಕೊಂಡವರದು, ಅದಕ್ಕೆ 30 ದಿನ. ಕೀಲಿ ಕೊಡುವಾಗಲೇ ತಾರೀಖು, ಗಂಟೆ, ಮೀಟರಿನ ಅಂಕಿ ಬರೆದು ಇಬ್ಬರೂ ಸಹಿ ಮಾಡಿದ ಪತ್ರ ಇಟ್ಟುಕೊಳ್ಳಿ. ಆ ಗಂಟೆಗೆ ಮುಂಚಿನ ಟ್ರಾಫಿಕ್ ದಂಡ ನೀವು ಕಟ್ಟಿಬಿಡಿ, ನಂತರದ್ದು ಅವರು ಕಟ್ಟಲಿ.