ಶತಾಯುಷಿಗಳ ಊರಿನಲ್ಲಿ ಸೀರೆ, ಸ್ಕೂಟರು

1962ರಲ್ಲಿ ನೂರು ದಾಟಿದ ಇಬ್ಬರು ಭಾರತರತ್ನರು ತೀರಿಕೊಂಡರು. ಏಪ್ರಿಲ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ, ನವೆಂಬರ್‌ನಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆ. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲೇ. ತಾವು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಕೂರಿಸಿದ್ದೂ ಇಲ್ಲಿಯ ಖಡಕವಾಸ್ಲಾ ಅಣೆಕಟ್ಟಿನಲ್ಲಿ. ಆ ಅಣೆಕಟ್ಟು ದಾಟಿ ಬರುವ ಮುಠಾ ನದಿ ಮುಳಾ ನದಿಯನ್ನು ಕೂಡಿಕೊಂಡು, ಪುಣೆಯಲ್ಲಿ ನಾವಿರುವ ಖರಾಡಿಯ ಪಕ್ಕದಲ್ಲಿ ಹರಿಯುತ್ತದೆ.

ವಿಶ್ವೇಶ್ವರಯ್ಯನವರ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಅದೇ ಸೂಟು, ಅದೇ ಟೈ, ಅದೇ ಮೈಸೂರು ಪೇಟ. ಕುದುರೆಗಾಡಿಯ ಕಾಲದಲ್ಲಿ ಹುಟ್ಟಿದವರು, ಮನುಷ್ಯ ಬಾಹ್ಯಾಕಾಶಕ್ಕೆ ಹೋಗಿಬಂದ ಮೇಲೂ ಬದುಕಿದ್ದರು. ಸುತ್ತಲಿನದೆಲ್ಲ ಬದಲಾಯಿತು, ಉಡುಗೆ ಬದಲಾಗಲಿಲ್ಲ. ಗಂಡಸಿಗೆ ಆ ಅನುಕೂಲವಿತ್ತು. ಒಮ್ಮೆ ಆರಿಸಿಕೊಂಡದ್ದನ್ನು ಕೊನೆಯವರೆಗೂ ತೊಟ್ಟರೆ ಅದಕ್ಕೆ ಶಿಸ್ತು ಎಂಬ ಗೌರವವೂ ಸಿಗುತ್ತಿತ್ತು.

ಹೆಂಗಸಿಗೆ ಹಾಗಲ್ಲ. ಕರ್ವೆ ಹುಟ್ಟಿದ 1858ರಲ್ಲಿ, ಅವರ ಸಮುದಾಯದಲ್ಲಿ ಗಂಡ ಸತ್ತ ಹೆಣ್ಣಿಗೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಎಂಟು–ಹತ್ತು ವರ್ಷದ ಹುಡುಗಿಯಾದರೂ ಸರಿ, ಮುಂದಿನ ಜೀವಮಾನಕ್ಕೆಲ್ಲ ಏನು ಉಡಬೇಕೆಂದು ಬೇರೆಯವರು ಒಂದೇ ದಿನದಲ್ಲಿ ತೀರ್ಮಾನಿಸಿಬಿಡುತ್ತಿದ್ದರು. ನಮ್ಮ ಕನ್ನಡನಾಡಿನ ಅಗ್ರಹಾರಗಳಲ್ಲೂ ಇದೇ ಕಥೆ. 1893ರಲ್ಲಿ ಕರ್ವೆ ವಿಧವೆ ಗೋದೂಬಾಯಿಯನ್ನು ಮದುವೆಯಾದರು. ಸ್ವಂತ ಊರು ಮುರೂಡ್ ಅವರಿಗೆ ಬಹಿಷ್ಕಾರ ಹಾಕಿತು. ಆಮೇಲೆ ವಿಧವೆಯರಿಗೆ ಆಶ್ರಮ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ. ಆ ಬಹಿಷ್ಕಾರವನ್ನು ಕಂಡ ಕಣ್ಣುಗಳೇ ಮುಂದೆ ಸೊಸೆ ಇರಾವತಿ ಕರ್ವೆ ಪ್ರಾಧ್ಯಾಪಕಿಯಾದದ್ದನ್ನೂ ಕಂಡವು. 1950ರ ದಶಕದಲ್ಲಿ ಸೀರೆಯುಟ್ಟೇ ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಇರಾವತಿಯನ್ನು ಈ ಊರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. ಅವರು ಪಾಠ ಹೇಳುತ್ತಿದ್ದ ಡೆಕ್ಕನ್ ಕಾಲೇಜು ಇರುವುದು ಯರವಾಡದಲ್ಲಿ. ಅಲ್ಲಿಂದ ‘ನಗರ್ ರೋಡ್’ ಹಿಡಿದರೆ ಖರಾಡಿ ದೂರವಿಲ್ಲ.

ಈಗ ಅದೇ ರಸ್ತೆಯಲ್ಲಿ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡ ಹುಡುಗಿಯರು ಇಯಾನ್ ಐಟಿ ಪಾರ್ಕಿನ ಕಡೆಗೆ ಸ್ಕೂಟರ್ ಓಡಿಸುತ್ತಾರೆ. ಇವರಲ್ಲಿ ಧಾರವಾಡದವರಿದ್ದಾರೆ, ವಿಜಯಪುರದವರಿದ್ದಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಅಜ್ಜಿಯರು ಸಂಜೆ ಸೊಸೈಟಿಯ ಬೆಂಚಿನಲ್ಲಿ ಟೋಪ್ ತೆನಿ ಸೆರಗಿನ ಇಳಕಲ್ ಸೀರೆಯುಟ್ಟು ಕೂತಿರುತ್ತಾರೆ. ಮಹಾರಾಷ್ಟ್ರದ ಹೆಂಗಸರೂ ತಲೆಮಾರುಗಳಿಂದ ಉಟ್ಟ ಸೀರೆ ಅದು. ಗುಳೇದಗುಡ್ಡದ ಖಣವೂ ಅಷ್ಟೆ. ರವಿಕೆಗೆಂದೇ ನೇಯುತ್ತಿದ್ದ ಆ ಬಟ್ಟೆಯಲ್ಲಿ ಈಗ ಇಡೀ ಸೀರೆಗಳೇ ಬಂದಿವೆ, ಪುಣೆಯ ಹುಡುಗಿಯರು ಹಬ್ಬಕ್ಕೆ ಹುಡುಕಿಕೊಂಡು ಹೋಗುತ್ತಾರೆ. ಹಳೆಯದು ಮರಳಿತು ಎಂದು ಹಿರಿಯರು ಹಿಗ್ಗುತ್ತಾರೆ, ನನಗೂ ಸಂತೋಷವೇ. ಆದರೆ ಅಜ್ಜಿಗೆ ಖಣ ನಿತ್ಯದ ಬಟ್ಟೆ, ಬೇರೆ ದಾರಿಯಿರಲಿಲ್ಲ. ಮೊಮ್ಮಗಳು ಬೇಕೆಂದು ಉಡುತ್ತಾಳೆ, ನಾಳೆ ಬಿಚ್ಚಿಟ್ಟು ಜೀನ್ಸ್ ತೊಡುತ್ತಾಳೆ. ನೂರು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ನನ್ನ ಕಣ್ಣಿಗೆ ಇದೇ. ‘ಕಾಲ ಕೆಟ್ಟಿತು, ಹುಡುಗಿಯರ ಉಡುಗೆ ನೋಡಿ’ ಎನ್ನುವವರ ಮಾತು ನನಗೆ ಹಿಡಿಸದಿರುವುದೂ ಇದಕ್ಕೇ.

ಖರಾಡಿಯಲ್ಲಿ ಏಳುತ್ತಿರುವ ಗೋಪುರಗಳನ್ನು ಕಟ್ಟುವ ಹೆಂಗಸರಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರಿದ್ದಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಸಿಂಬೆ ಇಟ್ಟು ಬುಟ್ಟಿ ಹೊರುತ್ತಾರೆ. ಬಿಸಿಲಿಗೆ, ಸಿಮೆಂಟಿನ ಧೂಳಿಗೆ ಅವರೇ ಕಂಡುಕೊಂಡ ಉಡುಗೆ ಅದು. ಉಡುಗೆಯ ಇತಿಹಾಸ ಬರೆಯುವವರು ಆ ಅಂಗಿಯನ್ನು ಬಿಡಬಾರದು. ಅದನ್ನು ತೊಟ್ಟವಳಿಗೆ ಕರ್ವೆಯವರಷ್ಟಲ್ಲದಿದ್ದರೂ ಮೊಮ್ಮಕ್ಕಳನ್ನು ಕಾಣುವಷ್ಟು ಆಯುಷ್ಯ ಸಿಗಬೇಕಾದರೆ, ಧೂಳಿಗೆ ಅಂಗಿಯೊಂದೇ ಸಾಲದು. ಮುಖಕ್ಕೆ ಮಾಸ್ಕು, ತಲೆಗೆ ಹೆಲ್ಮೆಟ್ಟು, ಕಾಲಿಗೆ ಬೂಟು ಕೊಡಬೇಕಾದವರು ಕೆಲಸ ಮಾಡಿಸುವವರು.