ರಟ್ಟಿನ ಟ್ಯಾಂಕು, ಇಪ್ಪತ್ತೈದರ ಲೆಕ್ಕ

ಟ್ಯಾಂಕು ಎಂದೊಡನೆ ಮಹಡಿಯ ಮೇಲಿನ ನೀರಿನ ಟ್ಯಾಂಕು ನೆನಪಾಯಿತೇ? ಇದು ಯುದ್ಧದ ಟ್ಯಾಂಕು. ಆದರೆ ಕಾಗದದ್ದು! ದಪ್ಪನೆಯ ಡ್ರಾಯಿಂಗ್ ಹಾಳೆ, ಹಳೆಯ ನೋಟ್‌ಬುಕ್ಕಿನ ರಟ್ಟು, ಸ್ಕೇಲು, ಕತ್ತರಿ, ಅಂಟು, ಇಂಕು ಮುಗಿದ ಒಂದು ಬಾಲ್‌ಪೆನ್ನು ಇದ್ದರೆ ಸಾಕು. ಜೊತೆಗೆ ಒಂದು ವಾರದ ಸಹನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ತಯಾರಿಸಿದ 'ಸ್ಟುವರ್ಟ್' ಎಂಬ ಹಗುರ ಟ್ಯಾಂಕನ್ನು ಆರಿಸಿಕೊಳ್ಳೋಣ. ಹಗುರ ಎಂಬುದು ಹೆಸರಿಗಷ್ಟೆ. ಇದರ ಎಂ5ಎ1 ಮಾದರಿಯ ತೂಕ ಸುಮಾರು 15 ಟನ್! ಉದ್ದ ಸುಮಾರು 4.8 ಮೀಟರ್, ಅಗಲ 2.3, ಎತ್ತರ 2.6. ಪ್ರತಿ ಅಳತೆಯನ್ನೂ 25ರಿಂದ ಭಾಗಿಸಿದರೆ ನಮ್ಮ ಟ್ಯಾಂಕಿನ ಉದ್ದ 19.2 ಸೆಂ.ಮೀ., ಅಗಲ 9.2, ಎತ್ತರ 10.4. ಉಳಿದ ಭಾಗಗಳ ಅಳತೆ ಗೊತ್ತಿಲ್ಲವೇ? ಪಕ್ಕದಿಂದ ತೆಗೆದ ಒಂದು ಚಿತ್ರ ಹುಡುಕಿ. ಅದರಲ್ಲಿ ಟ್ಯಾಂಕಿನ ಉದ್ದ 12 ಸೆಂ.ಮೀ. ಇದ್ದರೆ, ಚಿತ್ರದ ಪ್ರತಿಯೊಂದು ಅಳತೆಯನ್ನೂ 1.6ರಿಂದ ಗುಣಿಸಿದರಾಯಿತು.

ಈಗೊಂದು ಪ್ರಶ್ನೆ. ಇದೇ ಮಾದರಿಯನ್ನು ನಿಜವಾದ ಟ್ಯಾಂಕಿನಂತೆ ಉಕ್ಕಿನಿಂದಲೇ ಮಾಡಿದರೆ ತೂಕವೆಷ್ಟು? 15 ಟನ್ನಿನ ಇಪ್ಪತ್ತೈದನೇ ಒಂದು ಪಾಲು, 600 ಕಿಲೋ ಎಂದಿರಾ? ಅಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿವೆಯಲ್ಲ! 25ನ್ನು ಮೂರು ಸಲ ಗುಣಿಸಿದರೆ 15,625. ಹಾಗಾಗಿ ತೂಕ ಒಂದು ಕಿಲೋಗೂ ಕಡಿಮೆ. ಘನದ ಪಾಠ ಕೈಗೆ ಸಿಗುವುದು ಹೀಗೆ.

ಮಡಿಸಬೇಕಾದ ಗೆರೆಗಳ ಮೇಲೆ ಸ್ಕೇಲಿಟ್ಟು ಖಾಲಿ ಬಾಲ್‌ಪೆನ್ನಿನಿಂದ ಮೊದಲೇ ಒತ್ತಿ ಗೀರಿ, ಆಮೇಲೆ ಕತ್ತರಿಸಿ. ಅಂಟಿಸಲು ಅಂಚಿನಲ್ಲಿ ಅರ್ಧ ಸೆಂ.ಮೀ. ಬಿಡಿ. ಮೊದಲು ಒಡಲಿನ ಪೆಟ್ಟಿಗೆ ಪೂರ್ತಿ ಒಣಗಲಿ. ನೆಲದ ಮೇಲೆ ಉರುಳುವ ಚಕ್ರಗಳು ಒಂದೊಂದು ಬದಿಗೆ ನಾಲ್ಕು. ರಟ್ಟಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿ. ತೋಪಿನ ಬಾಯಿ 37 ಮಿ.ಮೀ.; ನಮ್ಮ ಲೆಕ್ಕದಲ್ಲಿ ಒಂದೂವರೆ ಮಿ.ಮೀ. ಸೂಜಿಗೆ ತೆಳು ಕಾಗದ ಸುತ್ತಿ ಅಂಟಿಸಿ, ಸೂಜಿ ಎಳೆದುಬಿಡಿ. ಮೇಲಿನ ಗೋಪುರವನ್ನು ಮಾತ್ರ ಅಂಟಿಸಬೇಡಿ; ಗುಂಡುಪಿನ್ನು ಚುಚ್ಚಿ ತಿರುಗುವಂತೆ ಕೂರಿಸಿ.

ಈ ಗೋಪುರಕ್ಕೂ ನಮ್ಮ ದೇಶದ ಚರಿತ್ರೆಗೂ ಒಂದು ನಂಟಿದೆ. 1948ರಲ್ಲಿ ಲಡಾಖಿನ ದಾರಿಯಲ್ಲಿರುವ ಜೋಜಿಲಾ ಕಣಿವೆಮಾರ್ಗ ಶತ್ರುಗಳ ವಶವಾಗಿತ್ತು. ಸುಮಾರು 11,500 ಅಡಿ ಎತ್ತರದ ಆ ಜಾಗಕ್ಕೆ ಟ್ಯಾಂಕು ಹತ್ತೀತೆಂದು ಯಾರೂ ಎಣಿಸಿರಲಿಲ್ಲ. ಸುಳಿವು ಸಿಗದಂತೆ ಗೋಪುರಗಳನ್ನು ಬಿಚ್ಚಿ ಸ್ಟುವರ್ಟ್ ಟ್ಯಾಂಕುಗಳನ್ನು ಸಾಗಿಸಲಾಯಿತು. ಹೇಸರಗತ್ತೆಯ ದಾರಿಯನ್ನು ಟ್ಯಾಂಕಿಗೆ ತಕ್ಕಂತೆ ಸಜ್ಜುಗೊಳಿಸಿದವರು ಮದ್ರಾಸ್ ಸ್ಯಾಪರ್ಸ್ ದಳದವರು. ಆ ದಳದ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಬಳಿ. ನವೆಂಬರ್ 1ರಂದು ಟ್ಯಾಂಕುಗಳು ನುಗ್ಗಿ ದಾರಿ ತೆರವಾಯಿತು. ಅಲ್ಲಿ ನಮ್ಮ ಡಿವಿಷನ್ನಿನ ಮುಖ್ಯಸ್ಥರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ.

'ಕೊಲ್ಲುವ ಯಂತ್ರ ಮಕ್ಕಳ ಕೈಗೇಕೆ?' ಎಂದು ತಂದೆತಾಯಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಟ್ಯಾಂಕಿನಿಂದ ಮಗು 'ಢಂ ಢಂ' ಎನ್ನುವುದನ್ನಷ್ಟೇ ಕಲಿತೀತು. ತಾನೇ ಅಳೆದು ಕತ್ತರಿಸಿ ಮಾಡಿದ ಟ್ಯಾಂಕಿನ ಮಾತೇ ಬೇರೆ. ಅದರಲ್ಲಿ ಕುಳಿತು ಹೋಗುತ್ತಿದ್ದವರು ನಾಲ್ವರು: ಮುಂದೆ ಇಬ್ಬರು, ಗೋಪುರದಲ್ಲಿ ಇಬ್ಬರು. ಐದೂವರೆ ಅಡಿಯ ಯೋಧ ನಮ್ಮ ಅಳತೆಯಲ್ಲಿ 6.7 ಸೆಂ.ಮೀ. ಆಗುತ್ತಾನೆ. ಅಷ್ಟೆತ್ತರದ ನಾಲ್ಕು ಕಾಗದದ ಗೊಂಬೆ ಮಾಡಿ, ಮೇಲ್ಭಾಗ ಅಂಟಿಸುವ ಮೊದಲು ಒಳಗೆ ಕೂರಿಸಲು ಹೇಳಿ. ಎಂಜಿನ್ನು, ಗುಂಡುಗಳ ನಡುವೆ ಅವರಿಗೆ ಉಳಿಯುವ ಜಾಗ ಎಷ್ಟೆಂದು ಆಗ ತಿಳಿಯುತ್ತದೆ. ಬೆಂಕಿ ಹತ್ತಿದರೆ ಇವರು ಹೊರಬರುವುದು ಹೇಗೆ ಎಂದು ಮಗು ಕೇಳಿಯೇ ಕೇಳುತ್ತದೆ. ಆ ಹೊತ್ತಿಗೆ ನೀವೂ ಪಕ್ಕದಲ್ಲಿ ಕುಳಿತಿರಿ.