‘ಮರೆಗುಳಿ’ಯೆಂಬ ಹಣೆಪಟ್ಟಿ ಮತ್ತು ಬದುವಿನ ಸೊಪ್ಪು

ಒಲೆಯ ಮೇಲೆ ಹಾಲಿಟ್ಟು ಮರೆಯುವವಳು, ಸಂಘದ ಕಂತು ಕಟ್ಟುವ ದಿನವನ್ನು ತಪ್ಪಿಸುವವಳು, ಹಿಡಿದ ಕೆಲಸ ಮುಗಿಯುವ ಮುನ್ನವೇ ಇನ್ನೊಂದಕ್ಕೆ ಕೈಹಚ್ಚುವವಳು. ಇಂತಹ ಹೆಣ್ಣುಮಗಳನ್ನು ಕರೆಯಲು ನಮ್ಮ ಊರುಗಳಲ್ಲಿ ಹೆಸರುಗಳಿಗೇನೂ ಬರವಿಲ್ಲ. ಮರೆಗುಳಿ, ಸೋಂಬೇರಿ, ಮನೆಯ ಮೇಲೆ ನಿಗಾ ಇಲ್ಲದವಳು. ಇವರಲ್ಲಿ ಕೆಲವರನ್ನಾದರೂ ಕಾಡುತ್ತಿರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ, ಇರಬಹುದೆಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಇದು ಹುಡುಗರ ಕಾಯಿಲೆಯೆಂದು ವೈದ್ಯಲೋಕವೂ ಬಹುಕಾಲ ಭಾವಿಸಿತ್ತು. ತರಗತಿಯಲ್ಲಿ ಬೆಂಚು ಹತ್ತಿ ಕುಣಿಯುವ ಹುಡುಗ ಮೇಷ್ಟರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿ ಬೀಳುವುದಿಲ್ಲ. ಅತಿಚಟುವಟಿಕೆಯಿಲ್ಲದೆಯೂ ಗಮನದ ಕೊರತೆ ಇರಬಲ್ಲದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದು 1980ರಲ್ಲಿ. ವಯಸ್ಕರನ್ನು ಗುರುತಿಸುವ ಮಾನದಂಡ ಸಡಿಲಗೊಂಡದ್ದು 2013ರಲ್ಲಿ. ಹೀಗಾಗಿ ಇಂದು ನಲವತ್ತರ ಆಸುಪಾಸಿನಲ್ಲಿರುವ ಹಳ್ಳಿಯ ಹೆಣ್ಣುಮಗಳು ಶಾಲೆಯಲ್ಲಿ ಪತ್ತೆಯಾಗಲಿಲ್ಲ, ಮದುವೆಯಾದ ಮೇಲಂತೂ ಕೇಳುವವರೇ ಇಲ್ಲ.

ಪರಿಸರದ ಪತ್ರಿಕೆಗೆ ಈ ವಿಷಯವೇಕೆಂದು ಓದುಗರು ಕೇಳಬಹುದು. ಆಹಾರದಿಂದ ಮತ್ತು ಹಸಿರಿನ ಸಹವಾಸದಿಂದ ಇಂಥವರಿಗೆ ನೆರವಾಗುವುದೆಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಅದರಲ್ಲಿ ಉತ್ಪ್ರೇಕ್ಷೆಯೂ ಇದೆ, ಸತ್ಯಾಂಶವೂ ಇದೆ. ಮೀನೆಣ್ಣೆಯ ಒಮೆಗಾ-3ರಿಂದ ಮಕ್ಕಳಲ್ಲಿ ಕಂಡ ಲಾಭ ಅಲ್ಪವಾದುದು. ಔಷಧದ ಪರಿಣಾಮಕ್ಕೆ ಅದು ಸಾಟಿಯಲ್ಲ. ಕಬ್ಬಿಣಾಂಶದ ಸಂಗತಿ ಇದಕ್ಕಿಂತ ಗಂಭೀರ. ಗಮನವನ್ನು ನಿಯಂತ್ರಿಸುವ ಡೋಪಮೈನ್ ಮಿದುಳಿನಲ್ಲಿ ತಯಾರಾಗಲು ಕಬ್ಬಿಣ ಬೇಕೇಬೇಕು. ಈ ತೊಂದರೆಯುಳ್ಳ ಮಕ್ಕಳ ರಕ್ತದಲ್ಲಿ ಕಬ್ಬಿಣದ ದಾಸ್ತಾನು ಕಡಿಮೆಯಿರುವುದನ್ನು 2004ರಲ್ಲಿ ಪ್ಯಾರಿಸ್ಸಿನ ವೈದ್ಯರು ವರದಿ ಮಾಡಿದರು. ನಂತರದ ಅಧ್ಯಯನಗಳೆಲ್ಲವೂ ಇದನ್ನು ಏಕಕಂಠದಿಂದ ಸಮರ್ಥಿಸಿಲ್ಲ, ನಿಜ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನರು. ರಕ್ತಹೀನತೆ ತಾನೇ ಮಂಕು, ಮರೆವು, ಸುಸ್ತುಗಳನ್ನು ತರಬಲ್ಲದು. ಎರಡೂ ಕೂಡಿದವಳ ಪಾಡನ್ನು ಊಹಿಸಿಕೊಳ್ಳಿ.

ಈಗ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯ ಹೊಲಗಳ ಕಡೆ ನೋಡೋಣ. ನಮ್ಮ ಮಲೆನಾಡಿನಲ್ಲಿ ಹುಟ್ಟಿದ ಹೇಮಾವತಿ ಇಳಿದುಹೋಗುವ ಸೀಮೆಯದು, ರಾಗಿಯುಣ್ಣುವ ನಾಡು. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದ್ದರೂ ಅದರಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಅದನ್ನು ರಕ್ತಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿದರೆ, ಊಟದೊಡನೆ ನಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಹೆಚ್ಚು ದಕ್ಕುತ್ತದೆ. ಉಂಡೊಡನೆ ಕಾಫಿ ಕುಡಿದರೆ ದಕ್ಕಬೇಕಾದ್ದೂ ಹೋಗುತ್ತದೆ. (ಕಾಫಿ ಸೀಮೆಯವರಾದ ನಾವು ಇದನ್ನು ಹೇಳಲು ಹಿಂಜರಿಯುವುದು ಸಹಜ!) ಹಿಂದೆ ರಾಗಿ ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರುತ್ತಿದ್ದವು. ಬದುಗಳಲ್ಲಿ ಅಣ್ಣೆ, ಗೋಣಿ, ಹೊನಗೊನ್ನೆ, ಕಿರಕಸಾಲೆ ತಾವಾಗಿಯೇ ಎದ್ದು ಬೆರಕೆಸೊಪ್ಪಿನ ಸಾರಾಗುತ್ತಿದ್ದವು. ಬೀಜದ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಕೂಲಿ ದುಬಾರಿಯಾಯಿತೆಂದು ಹೊಲಕ್ಕೆ ಬಂದ ಕಳೆನಾಶಕ ಈ ಸೊಪ್ಪುಗಳನ್ನು ಕಳೆಯೆಂದೇ ಎಣಿಸುತ್ತದೆ. ಸಿಂಪಡಿಸಿದ ಬದುವಿನ ಸೊಪ್ಪನ್ನು ಕುಯ್ಯಬಾರದೆಂದು ನಾವೇ ಹೇಳಬೇಕಾಗಿ ಬಂದಿರುವುದು ಎಂತಹ ವಿಪರ್ಯಾಸ! ಬಡವರ ಮನೆಯ ಪುಕ್ಕಟೆ ಕಬ್ಬಿಣವನ್ನು ಹೀಗೆ ಸುಟ್ಟು, ಅದೇ ಮನೆಗೆ ಕಬ್ಬಿಣದ ಮಾತ್ರೆ ಹಂಚುತ್ತಿದ್ದೇವೆ. ಮಾತ್ರೆ ಬೇಡವೆಂದಲ್ಲ, ಕೊರತೆ ತೀವ್ರವಾಗಿದ್ದಾಗ ಸೊಪ್ಪೊಂದೇ ಸಾಲದು.

ಇನ್ನು ಪ್ರಕೃತಿಯಲ್ಲಿ ಕಳೆಯುವ ಸಮಯ. ಉದ್ಯಾನದಲ್ಲಿ ಇಪ್ಪತ್ತು ನಿಮಿಷ ನಡೆದುಬಂದ ಎಡಿಎಚ್‌ಡಿ ಮಕ್ಕಳ ಏಕಾಗ್ರತೆ, ಪೇಟೆಯ ಬೀದಿಯಲ್ಲಿ ನಡೆದಾಗಿಗಿಂತ ಉತ್ತಮವಾಗಿತ್ತೆಂದು 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಹದಿನೇಳೇ ಮಕ್ಕಳ ಸಣ್ಣ ಅಧ್ಯಯನವದು, ಮಹಿಳೆಯರ ಮೇಲಿನದೂ ಅಲ್ಲ. ಹಳ್ಳಿಯ ಹೆಂಗಸರು ದಿನವಿಡೀ ಪ್ರಕೃತಿಯಲ್ಲೇ ಇರುವರಲ್ಲ ಎಂದು ಕೆಲವರು ನಗುವುದುಂಟು. ಸೊಂಟ ಬಗ್ಗಿಸಿ ಕಳೆ ಕೀಳುವುದು ದುಡಿಮೆ, ವಿಹಾರವಲ್ಲ. ನೆರೆಯ ರಾಮನಾಥಪುರದ ತಂಬಾಕು ಮಾರುಕಟ್ಟೆಯನ್ನು ನಂಬಿದ ಹೊಗೆಸೊಪ್ಪಿನ ಮನೆಗಳಲ್ಲಿ ಹದ ಮಾಡುವ ದಿನಗಳೆಂದರೆ ಹಗಲಿರುಳೂ ಉರಿ ಕಾಯುವ ದಿನಗಳು. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಒಳಹೊಕ್ಕು ತಲೆಸುತ್ತು, ವಾಂತಿ ತರುತ್ತದೆ. ನಿದ್ದೆಗೆಟ್ಟ ಮಿದುಳಿಗೆ ಗಮನವೆಲ್ಲಿಂದ ಬರಬೇಕು? ಮನಸ್ಸನ್ನು ತಿಳಿಗೊಳಿಸುವುದು ನಮ್ಮಿಂದ ಏನನ್ನೂ ಬೇಡದ ಹಸಿರು. ಹಿಂದೆ ಗುಂಡುತೋಪು, ಕೆರೆಯ ಏರಿ, ಗೋಮಾಳಗಳು ಅದನ್ನೊದಗಿಸುತ್ತಿದ್ದವು. ಅವು ಒತ್ತುವರಿಯಾದಲ್ಲಿ ಹೆಣ್ಣುಮಗಳು ಕೆಲಸವಿಲ್ಲದೆ ಅರ್ಧ ತಾಸು ಕುಳಿತುಕೊಳ್ಳಲು ಜಾಗವೂ ಇಲ್ಲ, ಒಪ್ಪಿಗೆಯೂ ಇಲ್ಲ.

ಸೊಪ್ಪು ತಿಂದರೆ, ತೋಪಿನಲ್ಲಿ ಕುಳಿತರೆ ಎಡಿಎಚ್‌ಡಿ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳಿ ವೈದ್ಯರ ಬಳಿ ಹೋಗದಂತೆ ತಡೆಯುವುದು ಆಕೆಗೆ ಬಗೆಯುವ ದ್ರೋಹ. ಮೊದಲು ರಕ್ತಪರೀಕ್ಷೆ, ಆಮೇಲೆ ಮನೋವೈದ್ಯರ ಭೇಟಿ. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಔಷಧ ಹಸಿವನ್ನು ಕುಗ್ಗಿಸಬಹುದಾದ್ದರಿಂದ ಬೆಳಗಿನ ಊಟವನ್ನು ಮನೆಯವರೇ ನೆನಪಿಸಿ, ಮುದ್ದೆಯೊಡನೆ ಹುರುಳಿಯದೋ ಅವರೆಯದೋ ಸಾರು ಬಡಿಸಲಿ; ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಿನ್ನುವ ಪದ್ಧತಿ ಅವಳಿಂದಲಾದರೂ ನಿಲ್ಲಲಿ.

ಉಳಿದದ್ದು ನಮ್ಮ ಚಳವಳಿಯ ಪಾಲಿನ ಕೆಲಸ. ಮುಂದಿನ ಗ್ರಾಮಸಭೆಗಳಲ್ಲಿ ಎರಡು ಪ್ರಶ್ನೆ ಕೇಳೋಣ: ಊರಿನ ತೋಪು ಮತ್ತು ಗೋಮಾಳದ ಅಳತೆ ಕೊನೆಯ ಬಾರಿ ನಡೆದದ್ದು ಯಾವಾಗ? ಬದುಗಳಿಗೆ ಕಳೆನಾಶಕ ಹೊಡೆಯುವುದಿಲ್ಲವೆಂದು ಎಷ್ಟು ಮಂದಿ ರೈತರು ಸಭೆಯೆದುರು ಮಾತು ಕೊಡಬಲ್ಲರು?